ಸಾನಪಾಡಾದ ಫ್ಲ್ಯಾಟಿಗೆ ಕೋವಿ ಬೇಕೆ?

ಸಾನಪಾಡಾ: 2025ರ ಜನವರಿ 3ರಂದು ಬೆಳಗ್ಗೆ ಸಾನಪಾಡಾದ ಡಿ-ಮಾರ್ಟ್ ಪರಿಸರದಲ್ಲಿ ಬೈಕಿನಲ್ಲಿ ಬಂದ ಇಬ್ಬರು ಒಬ್ಬರ ಮೇಲೆ ಐದಾರು ಸುತ್ತು ಗುಂಡು ಹಾರಿಸಿ ಪರಾರಿಯಾದರು. ಗಾಯಾಳು ಆಸ್ಪತ್ರೆ ಸೇರಿದರು. ತರಕಾರಿ ಚೀಲ ಹಿಡಿದು ಜನ ಓಡಾಡುವ ಹೊತ್ತಿನಲ್ಲಿ, ದಿನವೂ ನಡೆದಾಡುವ ರಸ್ತೆಯಲ್ಲಿ ಇಂಥದ್ದು ನಡೆದದ್ದು ಪರಿಸರದ ನಿವಾಸಿಗಳನ್ನು ಬೆಚ್ಚಿಬೀಳಿಸಿತು. ಅದರ ನೆನಪು ಮಾಸುವ ಮೊದಲೇ, ಎಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಮಂದಿಯನ್ನು ಗುಂಡಿಕ್ಕಿ ಕೊಂದರು. ಮೃತರಲ್ಲಿ ಡೊಂಬಿವಲಿಯ ಮೂವರು ಬಂಧುಗಳಿದ್ದರು, ಪನ್ವೇಲ್‌ನವರೊಬ್ಬರಿದ್ದರು, ಶಿವಮೊಗ್ಗ ಮತ್ತು ಬೆಂಗಳೂರಿನಿಂದ ಹೋದವರೂ ಇದ್ದರು. ಥಾಣೆ, ಕಲ್ಯಾಣ್, ನವಿಮುಂಬಯಿಯ ಕನ್ನಡಿಗರಿಗೆ ಇದು ಎರಡೂ ಕಡೆಯಿಂದ ತಟ್ಟಿದ ದುಃಖ.

ಇಂಥ ಸುದ್ದಿ ಬಂದಾಗಲೆಲ್ಲ ಹೊಟೇಲಿನ ಗಲ್ಲಾದ ಬಳಿ, ಸೊಸೈಟಿ ಸಭೆ ಮುಗಿದ ಮೇಲೆ, ಸಂಘದ ಕಾರ್ಯಕ್ರಮದ ಊಟದ ಸಾಲಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ರಕ್ಷಣೆಗೆ ನಾವೇ ಒಂದು ಪಿಸ್ತೂಲಿಗೆ ಪರವಾನಗಿ ಪಡೆದರೇನು? ಪ್ರಶ್ನೆ ಹೊಸತಲ್ಲ. ತೊಂಬತ್ತರ ದಶಕದಲ್ಲಿಯೂ ಆ ಬಳಿಕವೂ ಭೂಗತ ಲೋಕದ ಹಫ್ತಾ ಕರೆಗಳಿಗೆ ಬೆದರಿದ ಹೊಟೇಲ್ ಮಾಲಕರು ಇದನ್ನೇ ಕೇಳಿದ್ದರು. 2020ರಲ್ಲಿ ಸೆನೆಗಲ್‌ನಿಂದ ಬೆಂಗಳೂರಿಗೆ ಕರೆತರಲಾದ ಪಾತಕಿ ರವಿ ಪೂಜಾರಿ ಕರಾವಳಿ ಮೂಲದವನೇ ಎಂಬುದು ತುಳು-ಕನ್ನಡಿಗ ಉದ್ಯಮಿಗಳ ಮಟ್ಟಿಗೆ ಕಹಿ ಸತ್ಯ.

ಕೋವಿ ಬೇಕೆನ್ನುವವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2023ರ ಜನವರಿ 1ರ ಸಂಜೆ ಜಮ್ಮುವಿನ ರಾಜೌರಿ ಜಿಲ್ಲೆಯ ಢಾಂಗ್ರಿ ಗ್ರಾಮದ ಮನೆಗಳಿಗೆ ನುಗ್ಗಿ ಉಗ್ರರು ಗುಂಡಿನ ಮಳೆಗರೆದಾಗ, ಗ್ರಾಮ ರಕ್ಷಣಾ ಸಮಿತಿಯವರೊಬ್ಬರು ತಮ್ಮ ಹಳೆಯ .303 ರೈಫಲ್‌ನಿಂದ ಗುಂಡು ಹಾರಿಸಿದ್ದರಿಂದಲೇ ಉಗ್ರರು ಹಿಮ್ಮೆಟ್ಟಿದರೆಂದೂ ಇನ್ನಷ್ಟು ಸಾವು ತಪ್ಪಿತೆಂದೂ ಗ್ರಾಮಸ್ಥರು ಹೇಳಿದ್ದರು. ಪಹಲ್ಗಾಮ್ ಘಟನೆಯ ಮರುತಿಂಗಳೇ, 2025ರ ಮೇ 28ರಂದು, ಅಸ್ಸಾಂ ಸಚಿವ ಸಂಪುಟ ಸೂಕ್ಷ್ಮ ಪ್ರದೇಶಗಳ ಮೂಲನಿವಾಸಿಗಳಿಗೆ ಶಸ್ತ್ರ ಪರವಾನಗಿ ನೀಡಲು ತೀರ್ಮಾನಿಸಿತು. ಆದರೆ ಗಡಿಯ ಹಳ್ಳಿಯೇ ಬೇರೆ, ಏಳು ಮಹಡಿಯ ಕಟ್ಟಡದಲ್ಲಿ ಗೋಡೆಗೆ ಗೋಡೆ ತಾಗಿ ಬದುಕುವ ಸಾನಪಾಡಾವೇ ಬೇರೆ.

ಸಿಎಸ್‌ಟಿಯ ಆ ರಾತ್ರಿ

2008ರ ನವೆಂಬರ್ 26ರ ರಾತ್ರಿಯನ್ನು ಮುಂಬಯಿಗರು ಮರೆತಿಲ್ಲ. 166 ಮಂದಿ ಬಲಿಯಾದ ಆ ದಾಳಿಯಲ್ಲಿ ಸಿಎಸ್‌ಟಿ ನಿಲ್ದಾಣದೊಳಗೆ ಕಸಬ್‌ನ ಚಿತ್ರ ಸೆರೆಹಿಡಿದ ಛಾಯಾಗ್ರಾಹಕ ಸೆಬಾಸ್ಟಿಯನ್ ಡಿಸೋಜಾ ಅವರು, ಶಸ್ತ್ರಧಾರಿ ಪೊಲೀಸರು ಅಲ್ಲಿದ್ದರೂ ಗುಂಡು ಹಾರಿಸಲಿಲ್ಲ, ತನ್ನ ಕೈಯಲ್ಲಿ ಕೆಮರಾದ ಬದಲು ಕೋವಿ ಇರಬಾರದಿತ್ತೇ ಎನಿಸಿತು ಎಂಬರ್ಥದಲ್ಲಿ ಬಳಿಕ ಹೇಳಿಕೊಂಡಿದ್ದರು. ದೇಶವಿದೇಶಗಳ ಕೋವಿ ಪರ ಗುಂಪುಗಳು ಈ ಮಾತನ್ನು ಬಹಳ ಎತ್ತಿ ಆಡಿದವು.

ಆ ಮಾತಿನ ಮೊದಲ ಅರ್ಧವನ್ನು ಮಾತ್ರ ಅವು ಮರೆತವು. ಕೋವಿ ಅಲ್ಲಿತ್ತು. ತರಬೇತಿ ಪಡೆದವರ ಕೈಯಲ್ಲೇ ಇತ್ತು. ಎಕೆ-47ರ ಎದುರು ಲಾಠಿ ಮತ್ತು ಹಳೆಯ ರೈಫಲ್ ಹಿಡಿದವರಲ್ಲಿ ಹಲವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚಿದವರೂ ಇದ್ದರು. ರೈಲ್ವೇ ರಕ್ಷಣಾ ಪಡೆಯ ಝಿಲ್ಲು ಯಾದವ್ ಸಹೋದ್ಯೋಗಿಯ ರೈಫಲ್ ತೆಗೆದುಕೊಂಡು ಗುಂಡು ಹಾರಿಸಿದರು, ಕುರ್ಚಿಯನ್ನೂ ಎಸೆದರು. ಇನ್‌ಸ್ಪೆಕ್ಟರ್ ಶಶಾಂಕ್ ಶಿಂಧೆ ಹೋರಾಡುತ್ತಲೇ ಪ್ರಾಣ ತೆತ್ತರು. ಆದರೆ ಅಂದು ನಿಲ್ದಾಣದಲ್ಲಿ ಅತಿ ಹೆಚ್ಚು ಜೀವ ಉಳಿಸಿದವರಲ್ಲಿ ಒಬ್ಬರಾದ ವಿಷ್ಣು ಝೆಂಡೆ ಅವರ ಕೈಯಲ್ಲಿದ್ದದ್ದು ಮೈಕ್ ಮಾತ್ರ. ಉದ್ಘೋಷಕರ ಕೊಠಡಿಯಿಂದ ಪ್ರಯಾಣಿಕರಿಗೆ ಯಾವ ದಿಕ್ಕಿಗೆ ಓಡಬೇಕೆಂದು ಅವರು ಮತ್ತೆ ಮತ್ತೆ ಹೇಳುತ್ತಲೇ ಇದ್ದರು. ಗಿರ್ಗಾಂವ್ ಚೌಪಾಟಿಯಲ್ಲಿ ಕಸಬ್ ಜೀವಂತ ಸಿಕ್ಕಿದ್ದು ತುಕಾರಾಮ್ ಓಂಬ್ಳೆ ಬರಿಗೈಯಲ್ಲಿ ಅವನ ಬಂದೂಕಿನ ನಳಿಗೆ ಹಿಡಿದದ್ದರಿಂದ. ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಇದನ್ನೆಲ್ಲ ಹೇಳುವುದು ಬರಿಗೈಯೇ ಸಾಕೆಂದು ವಾದಿಸಲು ಅಲ್ಲ. ಪೊಲೀಸರಿಗೆ ಒಳ್ಳೆಯ ಶಸ್ತ್ರ, ಒಳ್ಳೆಯ ಅಭ್ಯಾಸ ಬೇಕಿತ್ತು. ಮರುವರ್ಷ ಮಹಾರಾಷ್ಟ್ರ ಸರಕಾರ 'ಫೋರ್ಸ್ ವನ್' ಕಟ್ಟಿದ್ದು ಆ ಪಾಠದಿಂದಲೇ. ಆದರೆ ನೂಕುನುಗ್ಗಲಿನ ನಿಲ್ದಾಣದಲ್ಲಿ ಹತ್ತಾರು ಪ್ರಯಾಣಿಕರು ಪಿಸ್ತೂಲು ತೆಗೆದಿದ್ದರೆ ಯಾರು ಉಗ್ರ, ಯಾರು ಪ್ರಯಾಣಿಕ ಎಂದು ಪೊಲೀಸರು ಹೇಗೆ ಗುರುತಿಸಬೇಕಿತ್ತು?

ಪರವಾನಗಿ ಇದ್ದ ಕೋವಿಗಳು

ಈ ಪ್ರದೇಶದ ಇತ್ತೀಚಿನ ಅನುಭವ ಇನ್ನೊಂದು ಕಥೆ ಹೇಳುತ್ತದೆ. 2024ರ ಫೆಬ್ರವರಿ 2ರಂದು ಉಲ್ಹಾಸನಗರದ ಹಿಲ್‌ಲೈನ್ ಪೊಲೀಸ್ ಠಾಣೆಯಲ್ಲಿ, ಅಧಿಕಾರಿಯ ಕೊಠಡಿಯೊಳಗೇ, ಕಲ್ಯಾಣ್ ಪೂರ್ವದ ಆಗಿನ ಶಾಸಕ ಗಣಪತ್ ಗಾಯಕ್ವಾಡ್ ರಾಜಕೀಯ ಎದುರಾಳಿಯ ಮೇಲೆ ಗುಂಡು ಹಾರಿಸಿದ ಪ್ರಕರಣದಲ್ಲಿ ಬಂಧಿತರಾದರು. ಬಳಸಲಾದದ್ದು ಪರವಾನಗಿ ಇದ್ದ ಶಸ್ತ್ರ. ವಾರ ಕಳೆಯುವ ಮೊದಲೇ, ಫೆಬ್ರವರಿ 8ರಂದು ದಹಿಸರ್‌ನಲ್ಲಿ ಮಾಜಿ ಕಾರ್ಪೊರೇಟರ್ ಅಭಿಷೇಕ್ ಘೋಸಾಳ್ಕರ್ ಅವರನ್ನು ಫೇಸ್‌ಬುಕ್ ನೇರಪ್ರಸಾರದ ನಡುವೆಯೇ ಕೊಂದ ಪಿಸ್ತೂಲು ಹಂತಕನ ಅಂಗರಕ್ಷಕನದು. ಅದಕ್ಕೂ ಪರವಾನಗಿ ಇತ್ತು, ಉತ್ತರ ಪ್ರದೇಶದ್ದು. ಅದೇ ವರ್ಷ ಅಕ್ಟೋಬರ್ 1ರ ನಸುಕಿನಲ್ಲಿ ಜುಹೂವಿನ ಮನೆಯಲ್ಲಿ ನಟ ಗೋವಿಂದ ಅವರ ಕಾಲಿಗೆ ಅವರದೇ ರಿವಾಲ್ವರಿನ ಗುಂಡು ತಗಲಿತು. ತೆರೆಯ ಮೇಲೆ ಅದೆಷ್ಟೋ ಖಳರನ್ನು ಉರುಳಿಸಿದವರಿಗೇ ಹೀಗಾದರೆ ಉಳಿದವರ ಪಾಡೇನು! ಹನ್ನೊಂದು ದಿನಗಳ ಬಳಿಕ ಬಾಂದ್ರಾದಲ್ಲಿ ಮಾಜಿ ಸಚಿವ ಬಾಬಾ ಸಿದ್ದೀಕಿ ಕೊಲೆಯಾದರು. ಅವರಿಗಿದ್ದ ಪೊಲೀಸ್ ರಕ್ಷಣೆ ಉಪಯೋಗಕ್ಕೆ ಬರಲಿಲ್ಲ. ಬೈಕಿನಲ್ಲಿ ಬಂದವನು, ಹೊಂಚುಹಾಕಿ ನಿಂತವನು ಎದುರಿನವರಿಗೆ ಸೊಂಟಕ್ಕೆ ಕೈಹಾಕುವಷ್ಟು ವ್ಯವಧಾನ ಕೊಡುವುದಿಲ್ಲ. ಸಾನಪಾಡಾದಲ್ಲಿ ನಡೆದದ್ದೂ ಕ್ಷಣಾರ್ಧದ ಕೆಲಸವೇ.

ಮನೆಯೊಳಗಿನ ಕೋವಿಯ ಬಗ್ಗೆ ವಿದೇಶದ ಕನ್ನಡಿಗರಿಂದ ಬಂದ ಸುದ್ದಿಗಳು ಇನ್ನೂ ಕಂಗೆಡಿಸುವಂಥವು. 2007ರ ಎಪ್ರಿಲ್‌ನಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಹತರಾದ 32 ಮಂದಿಯಲ್ಲಿ ಬೊರಿವಲಿಯ ವಿದ್ಯಾರ್ಥಿನಿಯೂ ಇದ್ದಳು; ಆಗ ಮಹಾನಗರದ ಪೋಷಕರ ಆತಂಕ ಅಪರಿಚಿತ ಹಂತಕನ ಬಗ್ಗೆ ಇತ್ತು. 2023ರ ಆಗಸ್ಟ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಕರ್ನಾಟಕ ಮೂಲದ ದಂಪತಿ ಮತ್ತು ಅವರ ಎಳೆಯ ಮಗು ಮನೆಯೊಳಗೇ ಗುಂಡೇಟಿನಿಂದ ಸತ್ತಿದ್ದರು. ಹೊರಗಿನಿಂದ ಯಾರೂ ಬಂದಿರಲಿಲ್ಲ ಎಂಬುದು ಅಲ್ಲಿನ ಪೊಲೀಸರ ನಿಲುವು.

ಹಾಗಾದರೆ ಕೊಡಗಿನಲ್ಲಿ? ಈ ಚರ್ಚೆಯಲ್ಲಿ ಈ ಮಾತು ಬಂದೇ ಬರುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಶಸ್ತ್ರ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿ ಭಯಕ್ಕೆ ಕೊಂಡ ವಸ್ತುವಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಜೋಡಿ ಗುಂಡು, ಕೈಲ್‌ಪೊಳ್ದ್ ಹಬ್ಬದಂದು ತೋಕ್ ಪೂ ಮುಡಿಸಿ ಪೂಜೆ. ಮನೆತನದ ಹಿರಿಯರ ಕಣ್ಣೆದುರು ಬೆಳೆದ ಶಿಸ್ತು ಅದು. ಕರಾವಳಿಯ ತೋಟದ ಮನೆಗಳಲ್ಲೂ ಹಂದಿ, ಮಂಗಗಳ ಕಾಟಕ್ಕೆ ಬೆಳೆರಕ್ಷಣೆಯ ಕೋವಿ ಇದೆ, ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸುವ ತಾಪತ್ರಯವೂ ಇದೆ. ಆ ಶಿಸ್ತನ್ನು ಪರವಾನಗಿ ಪುಸ್ತಕದ ಜತೆ ಸಾನಪಾಡಾಕ್ಕೆ ಪಾರ್ಸೆಲ್ ತರಿಸಲು ಬರುವುದಿಲ್ಲ.

ಕಾನೂನು ಕೊಡುವುದೆಷ್ಟು?

ಪರವಾನಗಿ ಹಕ್ಕಲ್ಲ, ಅನುಮತಿ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ನವಿಮುಂಬಯಿಯವರು ಪೊಲೀಸ್ ಆಯುಕ್ತರಿಗೆ ಅರ್ಜಿ ಸಲ್ಲಿಸಬೇಕು, ಠಾಣೆಯ ವರದಿ ಬರಬೇಕು. 2016ರ ನಿಯಮಗಳು ಶಸ್ತ್ರ ಬಳಕೆಯ ತರಬೇತಿಯನ್ನೂ ಸುರಕ್ಷಿತವಾಗಿ ಇಡುವ ವ್ಯವಸ್ಥೆಯನ್ನೂ ಕೇಳುತ್ತವೆ. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಶಸ್ತ್ರಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ, ಪರವಾನಗಿಯ ಅವಧಿ ಐದು ವರ್ಷಕ್ಕೆ ಏರಿದೆ. ಮದುವೆ ದಿಬ್ಬಣದಲ್ಲಿ ಸಂಭ್ರಮಕ್ಕೆಂದು ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕೋವಿ ಸಿಕ್ಕಿದರೂ ಅದನ್ನು ಎತ್ತುವ ಹಕ್ಕು ಬೇರೆಯೇ ಪ್ರಶ್ನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಸ್ವರಕ್ಷಣೆಯ ಹಕ್ಕನ್ನು ಹೇಳುತ್ತವೆ. ಜೀವಭಯ ಎದುರಾದಾಗ, ದರೋಡೆಯಾಗುವಾಗ, ರಾತ್ರಿ ಮನೆ ಒಡೆದು ನುಗ್ಗಿದಾಗ ಎದುರಾಳಿಯ ಸಾವಿನವರೆಗೂ ಈ ಹಕ್ಕು ಹೋಗಬಹುದು. ಪೊಲೀಸರನ್ನು ಕರೆಯಲು ಸಮಯವಿದ್ದರೆ ಇಲ್ಲ; ಅಗತ್ಯ ಮೀರಿದ ಬಲಕ್ಕೂ ಇಲ್ಲ. ಹಫ್ತಾ ಕರೆ ಮಾಡಿದವನು ಎದುರು ಸಿಕ್ಕಿದನೆಂದು ಗುಂಡು ಹಾರಿಸುವಂತಿಲ್ಲ. ಗೋಡೆ ಹಾರಿ ಓಡುತ್ತಿರುವ ಕಳ್ಳನ ಬೆನ್ನಿಗೆ ಗುಂಡಿಟ್ಟರೆ ಕಟಕಟೆ ಏರಬೇಕಾದವರು ಮನೆ ಯಜಮಾನರೇ. ಹಫ್ತಾ ಬೆದರಿಕೆಗೆ ಮದ್ದು ದೂರು ದಾಖಲಿಸುವುದು, ಅದೂ ಮೊದಲ ಕರೆಯಲ್ಲೇ. ತುರ್ತಿಗೆ 112 ಇದೆ. ಇದು ಸಪ್ಪೆ ಸಲಹೆ ಎನಿಸಬಹುದು, ಪೊಲೀಸರು ತಡವಾಗಿ ಬಂದ ಅನುಭವವೂ ಹಲವರಿಗಿರಬಹುದು. ಹಾಗಿದ್ದಲ್ಲಿ ಸಂಘ ಸಂಸ್ಥೆಗಳು ಒಟ್ಟಾಗಿ ಕೇಳಬೇಕಾದದ್ದು ಹೆಚ್ಚಿನ ಗಸ್ತನ್ನು, ಅಕ್ರಮ ಕಟ್ಟಾ ಪಿಸ್ತೂಲುಗಳ ಮೇಲಿನ ಬಿಗಿ ಕ್ರಮವನ್ನು.

ಪರವಾನಗಿಯ ಮಾತಾಡುವವರಲ್ಲಿ ಹಲವರು ಗಮನಿಸದ ಸಂಗತಿಯೊಂದು ಊರಿನ ಮನೆಯಲ್ಲೇ ಇರಬಹುದು. ತಂದೆಯೋ ಮಾವನೋ ಬೆಳೆರಕ್ಷಣೆಗೆ ಪಡೆದ ಕೋವಿ ಅಟ್ಟದ ಮೇಲೋ ಕಪಾಟಿನಲ್ಲೋ ಉಳಿದು, ಪರವಾನಗಿದಾರರು ತೀರಿಕೊಂಡು, ಮಕ್ಕಳೆಲ್ಲ ಮುಂಬಯಿಯಲ್ಲಿದ್ದರೆ ಆ ಕೋವಿ ಆ ಕ್ಷಣದಿಂದ ಯಾರದ್ದೂ ಅಲ್ಲ. ಕಾಯಿದೆಯ 21ನೇ ಕಲಮಿನಂತೆ ವಾರಸುದಾರರು ಅದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಶಸ್ತ್ರ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಮುಂದೆ ಇಟ್ಟುಕೊಳ್ಳಬೇಕಿದ್ದರೆ ವಾರಸುದಾರನ ಹೆಸರಿಗೆ ಹೊಸ ಪರವಾನಗಿ ಬೇಕು. ಹಿರಿಯರು ಬದುಕಿರುವಾಗಲೇ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ವಾರಸುದಾರರು ಅರ್ಜಿ ಸಲ್ಲಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಪರವಾನಗಿ ಪುಸ್ತಕದ ಕೊನೆಯ ನವೀಕರಣದ ದಿನಾಂಕ ನೋಡಿ ಬರಬಹುದು.