ಹೆಗಲೇರಿದ ಮಂದ್ರ

ಭಾನುವಾರ ಮಧ್ಯಾಹ್ನ ನ್ಯೂ ಓರ್ಲಿಯನ್ಸ್‌ನ ಬೀದಿಗಳಲ್ಲಿ ‘ಸೆಕೆಂಡ್ ಲೈನ್’ ಮೆರವಣಿಗೆ ಹೊರಟಿತೆಂದರೆ ಮುಗಿಯಲು ಸುಮಾರು ನಾಲ್ಕು ಗಂಟೆ ಬೇಕು. ಬಿಸಿಲು, ಬೆವರು, ಗುಂಡಿಬಿದ್ದ ರಸ್ತೆ, ಹಿಂದೆ ಕುಣಿಯುತ್ತ ಬರುವ ಜನ. ಅಷ್ಟು ಹೊತ್ತೂ ಮಂದ್ರ ಸ್ವರದ ಊದುವಾದ್ಯವಾದ ಸೂಸಫೋನ್‌ನ ವಾದಕನ ಎಡ ಹೆಗಲ ಮೇಲೆ ಹದಿನೈದು ಕಿಲೋ ಆಸುಪಾಸಿನ ಹಿತ್ತಾಳೆ ಕೂತಿರುತ್ತದೆ. ಈ ವಾದ್ಯ ಕೊಳ್ಳುವವರು ಅಂಗಡಿಯಲ್ಲಿ ಊದುವ ಮೊದಲ ಸ್ವರಕ್ಕಿಂತ ನಾಲ್ಕನೇ ಗಂಟೆಯ ಸ್ವರವನ್ನು ನೆನೆಯಬೇಕು.

ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾ ಅವರ ಬಯಕೆಯಂತೆ 1890ರ ದಶಕದಲ್ಲಿ ಹುಟ್ಟಿದ ವಾದ್ಯವಿದು. ಆಗ ಅದರ ಬಾಯಿ ಆಕಾಶ ನೋಡುತ್ತಿತ್ತು. ಮಳೆ ಹಿಡಿಯುವ ವಾದ್ಯವೆಂಬ ಅಡ್ಡಹೆಸರೂ ಬಿದ್ದಿತ್ತು. ಬಾಯಿ ಮುಂದಕ್ಕೆ ತಿರುಗಿದ್ದು ಆಮೇಲೆ. ಡರ್ಟಿ ಡಜನ್ ಬ್ರಾಸ್ ಬ್ಯಾಂಡ್‌ನ ಕರ್ಕ್ ಜೋಸೆಫ್, 1983ರಲ್ಲಿ ಶುರುವಾದ ರೀಬರ್ತ್ ಬ್ರಾಸ್ ಬ್ಯಾಂಡ್‌ನ ಫಿಲ್ ಫ್ರೇಜಿಯರ್ ಅಂಥವರ ಕೈಯಲ್ಲಿ ಅದು ತಾಳಕ್ಕೊಂದು ‘ಧಂ’ ಸೇರಿಸುವ ಕೆಲಸ ಬಿಟ್ಟು ಹಾಡನ್ನೇ ಮುನ್ನಡೆಸತೊಡಗಿತು. ಹಾಗೆ ನುಡಿಸಲು ಬೆರಳಿನ ವೇಗಕ್ಕೆ ವಾಲ್ವ್‌ಗಳು ಜೊತೆಕೊಡಬೇಕು.

ಹಾಗಾಗಿ ಹಳೆಯ ವಾದ್ಯ ನೋಡಲು ಹೋದಾಗ ಹೊಳಪಿಗೆ ಮರುಳಾಗಬೇಡಿ, ಮೊದಲು ವಾಲ್ವ್ ಪರೀಕ್ಷಿಸಿ. ವಾಲ್ವ್ ಒತ್ತದೆ ಅದರ ಸ್ಲೈಡನ್ನು ಸ್ವಲ್ಪ ಹೊರಗೆಳೆದು, ಕೆಲವು ಕ್ಷಣ ಬಿಟ್ಟು ಒತ್ತಿ. ‘ಟಪ್’ ಎಂದರೆ ಗಾಳಿ ಸೋರುತ್ತಿಲ್ಲ. ಸದ್ದಿಲ್ಲದಿದ್ದರೆ ಪಿಸ್ಟನ್ ಸವೆದಿರಬಹುದು, ಅದರ ರಿಪೇರಿ ದುಬಾರಿ. ದೊಡ್ಡ ಸುರುಳಿಯಲ್ಲಿನ ನೆಗ್ಗುಗಳಿಗೆ ಅಷ್ಟು ಹೆದರಬೇಕಿಲ್ಲ. ಮೌತ್‌ಪೀಸ್ ಕಡೆಯ ಕಿರಿದಾದ ಕೊಳವೆಯಲ್ಲಿ ನೆಗ್ಗಿದ್ದರೆ ಸ್ವರ ಕೆಡುತ್ತದೆ. ಅಲ್ಲೇ ಗುಲಾಬಿ-ಕೆಂಪು ಚುಕ್ಕೆಗಳು ಕಂಡರೆ ಹಿತ್ತಾಳೆಯೊಳಗಿನ ಸತುವು ಕರಗಿ ಹೋಗುತ್ತಿದೆ ಎಂದರ್ಥ.

ಫೈಬರ್‌ಗ್ಲಾಸ್‌ನದ್ದು ಒಂಬತ್ತು-ಹತ್ತು ಕಿಲೋ ತೂಗುತ್ತದೆ. ಬೆಳೆಯುವ ಹೆಗಲಿನ ಶಾಲಾಮಕ್ಕಳಿಗೆ ಧಾರಾಳವಾಗಿ ಅದನ್ನೇ ಕೊಡಿಸಿ. ಆದರೆ ದನಿ ಬೀದಿಯ ಆ ತುದಿ ಮುಟ್ಟಬೇಕೆಂದರೆ ನನ್ನ ಮತ ಹಿತ್ತಾಳೆಗೇ. ನೆಗ್ಗಿದ ಹಿತ್ತಾಳೆಯನ್ನು ಮತ್ತೆ ಸಮ ಮಾಡಬಹುದು. ಒಡೆದ ಫೈಬರ್‌ಗ್ಲಾಸ್‌ಗೆ ತೇಪೆಯೇ ಗತಿ. ಬ್ಯಾಂಡ್ ವಾದ್ಯಗಳಿಗೆ ಹೆಸರಾದ ಮೀರತ್‌ನ ಜಲಿ ಕೋಠಿಯಲ್ಲಿ ಹೊಸದನ್ನೇ ಕೊಂಡರೂ ದುಡ್ಡು ಎಣಿಸುವ ಮುನ್ನ ಆ ‘ಟಪ್’ ಪರೀಕ್ಷೆ ಮಾಡಿ.

ಕೊಂಡ ಮೇಲಿನ ಆರೈಕೆ ದೊಡ್ಡದೇನಲ್ಲ, ತಪ್ಪಿಸಬಾರದಷ್ಟೆ. ನುಡಿಸುವ ಮುನ್ನ ವಾಲ್ವ್‌ಗಳಿಗೆ ಎಣ್ಣೆ, ಆಗಾಗ ಸ್ಲೈಡ್‌ಗಳಿಗೆ ಗ್ರೀಸ್. ಐದೂವರೆ ಮೀಟರ್ ಉದ್ದದ ಕೊಳವೆಯ ಸುತ್ತುಗಳಲ್ಲಿ ನೀರು ನಿಲ್ಲುತ್ತದೆ. ಮೆರವಣಿಗೆ ಮುಗಿದ ಕೂಡಲೇ ವಾದ್ಯವನ್ನು ನಿಧಾನವಾಗಿ ತಿರುಗಿಸಿ ಸುರಿಯಬೇಕು. ಹೆಗಲು, ಕೈ ತಾಗುವಲ್ಲಿ ಬೆವರಿನ ಉಪ್ಪು ಮೆರುಗನ್ನು ತಿಂದು ಕಿಲುಬು ಹಿಡಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸಿ. ಒಳಗೆ ತೊಳೆಯಲು ಉಗುರುಬೆಚ್ಚನೆಯ ನೀರೇ ಸಾಕು, ಬಿಸಿನೀರಿಗೆ ಮೇಲಿನ ಲ್ಯಾಕರ್ ಏಳುತ್ತದೆ.

ಬಿಸಿಲಿನದು ಇನ್ನೊಂದು ಕಾಟ. ಒಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಸುಮಾರು ಮೂರು ಸೆಂಟ್‌ನಷ್ಟು (ಅರ್ಧಸ್ವರದ ನೂರನೇ ಒಂದು ಪಾಲೇ ಒಂದು ಸೆಂಟ್) ಏರುತ್ತದೆ. ಹತ್ತು ಡಿಗ್ರಿಗೆ ಅರ್ಧಸ್ವರದ ಮೂರನೇ ಒಂದು ಪಾಲಿನ ಹತ್ತಿರ. ಕೋಣೆಯೊಳಗೆ ಕೂಡಿಸಿದ ಶ್ರುತಿ ಬೀದಿಯಲ್ಲಿ ನಿಲ್ಲುವುದಿಲ್ಲ. ಹೊರಗೆ ಕಾಲು ಗಂಟೆ ಊದಿ, ಆಮೇಲೆ ಮುಖ್ಯ ಸ್ಲೈಡ್ ಸರಿಪಡಿಸಿಕೊಳ್ಳಿ.

ಮೌತ್‌ಪೀಸಿಗೂ ಕುತ್ತಿಗೆಕೊಳವೆಗೂ ನಡುವೆ ಬರುವ ಎರಡು ಗಿಡ್ಡ ತುಂಡುಗಳನ್ನು ‘ಬಿಟ್’ ಎನ್ನುತ್ತಾರೆ. ಪ್ರತಿಸಲ ಕಳಚಿ ಒರೆಸದಿದ್ದರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕಚ್ಚಿಕೊಂಡಾಗ ಸುತ್ತಿಗೆಯಿಂದ ಬಡಿದರೆ ಬೆಸುಗೆಯೇ ಬಿಡಬಹುದು, ರಿಪೇರಿಯವರ ಬಳಿ ಒಯ್ಯಿರಿ. ಮೌತ್‌ಪೀಸ್ ಸಿಕ್ಕಿಕೊಂಡರೆ ಎಳೆದು ಬಿಡಿಸಲು ಪುಲ್ಲರ್ ಎಂಬ ಸಲಕರಣೆಯಿದೆ. ಇಡೀ ಬ್ಯಾಂಡಿಗೆ ಒಂದಿದ್ದರೆ ಸಾಕು.