ಕಾವಲು ತಪ್ಪಿದ ಡೇಟಾಬೇಸ್

ಹುಣಸಮಾರನಹಳ್ಳಿ ಕಡೆ ಮನೆ ಮಾಡಿಕೊಂಡಿರುವ ಐಟಿ ಮಂದಿಯಲ್ಲಿ ‘ಈ ವಾರ ಆನ್‌ಕಾಲ್’ ಎಂದು ಮದುವೆ ಊಟಕ್ಕೂ ಲ್ಯಾಪ್‌ಟಾಪ್ ಹೊತ್ತು ಬರುವವರು ಕಡಿಮೆಯೇನಿಲ್ಲ. ಅವರು ಕಾಯುವುದು ಬರೀ ಯಂತ್ರವನ್ನಲ್ಲ, ಅದರೊಳಗೆ ಹಗಲೂ ರಾತ್ರಿ ಓಡುವ ಡೇಟಾಬೇಸ್ ಪ್ರೊಸೆಸ್‌ಗಳನ್ನು.

ಅಲ್ಲಿಂದ ಬಳ್ಳಾರಿ ರಸ್ತೆಯಲ್ಲಿ ಬೆಂಗಳೂರಿನ ಕಡೆ ಬಂದರೆ ಹೆಬ್ಬಾಳ. ಆಧಾರ್‌ನ ಒಂದು ಡೇಟಾ ಸೆಂಟರ್ ಇಲ್ಲಿದೆ, ಇನ್ನೊಂದು ಹರಿಯಾಣದ ಮಾನೇಸರ್‌ನಲ್ಲಿ. ಆಧಾರ್ ಕಟ್ಟಿದ ಮೊದಲ ವರ್ಷಗಳಲ್ಲಿ ಬಳಸಿದ ಓಪನ್ ಸೋರ್ಸ್ ತಂತ್ರಾಂಶಗಳಲ್ಲಿ ಮೈಎಸ್‌ಕ್ಯೂಎಲ್, ಎಚ್‌ಬೇಸ್ ಜತೆ ಮಾಂಗೋಡಿಬಿಯೂ ಇತ್ತು. 2009ರಲ್ಲಿ ಹೊರಬಂದ ಮಾಂಗೋಡಿಬಿಯ ಕಾವಲು ಹೇಗೆ ನಡೆಯುತ್ತದೆಂದು ನೋಡೋಣ. (ಆಧಾರ್‌ನ ಒಳಗುಟ್ಟು ಇದಲ್ಲ.)

ಒಂದು ರೆಪ್ಲಿಕಾ ಸೆಟ್‌ನಲ್ಲಿ ಸಾಮಾನ್ಯವಾಗಿ ಮೂರು ಪ್ರೊಸೆಸ್. ಬರೆಯುವ ಕೆಲಸವೆಲ್ಲ ಪ್ರೈಮರಿಯದು, ಉಳಿದೆರಡು ಅದರ ನಕಲು ಇಟ್ಟುಕೊಳ್ಳುತ್ತವೆ. ಪ್ರೈಮರಿ 10 ಸೆಕೆಂಡ್ ಸುದ್ದಿಯಿಲ್ಲದೆ ಕೂತರೆ ಉಳಿದವು ಚುನಾವಣೆ ನಡೆಸಿ ಹೊಸಬರನ್ನು ಆರಿಸಿಬಿಡುತ್ತವೆ. ಮತ ಎಣಿಕೆಗೆ ದಿನಗಟ್ಟಲೆ ಕಾಯುವ ನಮಗೆ ಅಸೂಯೆಯಾಗಬೇಕು! ಪ್ರತಿ ಪ್ರೊಸೆಸ್‌ನ ಗುರುತು ಯಂತ್ರದ ಹೆಸರು ಮತ್ತು ಪೋರ್ಟ್. 27017 ಎಂಬ ಪೋರ್ಟ್ ಈ ಕಸುಬಿನವರಿಗೆ ಬಾಯಿಪಾಠ.

ಇಂಥ ಪ್ರೊಸೆಸ್‌ಗಳು ನೂರಾರು ಇದ್ದಾಗ ಒಂದೊಂದನ್ನೂ ಪರದೆಯ ಮೇಲೆ ಕ್ಲಿಕ್ ಮಾಡುತ್ತ ಕೂರಲಾಗದು. ಕ್ಲೌಡ್ ಮ್ಯಾನೇಜರ್, ಆಪ್ಸ್ ಮ್ಯಾನೇಜರ್ ಎಂಬ ಮಾಂಗೋಡಿಬಿಯ ಉಸ್ತುವಾರಿ ತಂತ್ರಾಂಶಗಳ ವೆಬ್ ಎಪಿಐ (ಸ್ಕ್ರಿಪ್ಟ್‌ನಿಂದಲೇ ಆದೇಶ ಕಳಿಸುವ ದಾರಿ) ಇರುವುದೇ ಇದಕ್ಕೆ. ‘ಗೆಟ್’ ಕಳಿಸಿದರೆ ಪಟ್ಟಿ ಬರುತ್ತದೆ: ಹೆಸರು, ಪೋರ್ಟ್, ಪ್ರೈಮರಿಯೋ ಸೆಕೆಂಡರಿಯೋ, ಕೊನೆಯ ಪಿಂಗ್ (‘ಬದುಕಿದ್ದೇನೆ’ ಎಂಬ ಸುಳಿವು) ಯಾವಾಗ. ‘ಪೋಸ್ಟ್’ ಹೊಸದನ್ನು ಕಾವಲಿಗೆ ಸೇರಿಸುತ್ತದೆ, ‘ಪ್ಯಾಚ್’ ಸೆಟ್ಟಿಂಗ್ ಬದಲಿಸುತ್ತದೆ.

ಎಡವಟ್ಟು ಇರುವುದು ‘ಡಿಲೀಟ್’ನಲ್ಲಿ. ಹೊಸಬರು ಅದಕ್ಕೆ ಹೆದರುತ್ತಾರೆ, ಆದರೆ ತಪ್ಪು ಕಾರಣಕ್ಕೆ. ಅದು ಪ್ರೊಸೆಸ್ ನಿಲ್ಲಿಸುವುದಿಲ್ಲ, ಡೇಟಾ ಅಳಿಸುವುದಿಲ್ಲ, ನಿಗಾ ಇಡುವುದನ್ನಷ್ಟೇ ಕೈಬಿಡುತ್ತದೆ. ಡೇಟಾಬೇಸ್ ಎಂದಿನಂತೆ ಓಡುತ್ತಿರುತ್ತದೆ, ಡಿಸ್ಕ್ ತುಂಬುತ್ತ ಬಂದರೂ ಯಾರ ಫೋನೂ ಬಡಿದುಕೊಳ್ಳದು. ಪ್ರೊಸೆಸ್ ನಿಂತರೆ ಗಿರಾಕಿಗಳೇ ಕೂಗಾಡಿ ತಿಳಿಸುತ್ತಾರೆ. ಕಾವಲು ತಪ್ಪಿದ್ದನ್ನು ಹೇಳುವವರಾರು? ಇದರ ಉಲ್ಟಾ ತಾಪತ್ರಯವೂ ಉಂಟು. ಬಿಚ್ಚಿ ಒಯ್ದ ಯಂತ್ರದ ಹೆಸರು ಪಟ್ಟಿಯಲ್ಲೇ ಉಳಿದರೆ ನಡುರಾತ್ರಿ ಅಲರ್ಟ್ ಮೇಲೆ ಅಲರ್ಟ್. ಬೇಸತ್ತವರು ಮ್ಯೂಟ್ ಮಾಡಿ ಮಲಗುತ್ತಾರೆ, ಮಾರನೆಯ ರಾತ್ರಿ ಬರುವ ನಿಜವಾದ ಅಲರ್ಟ್ ಕೂಡ ಅದರಡಿ ಹೂತುಹೋಗುತ್ತದೆ.

ಪಳಗಿದವರು ಅದಕ್ಕೇ ಎರಡು ಎಪಿಐ ಕೀ ಇಟ್ಟುಕೊಳ್ಳುತ್ತಾರೆ. ದಿನಾ ಪಟ್ಟಿ ತರಿಸಿ, ಪಿಂಗ್ ಹಳತಾದವನ್ನು ಗುರುತು ಹಾಕುವ ಸ್ಕ್ರಿಪ್ಟ್‌ಗೆ ಓದುವ ಹಕ್ಕು ಮಾತ್ರ. ತೆಗೆಯುವ ಹಕ್ಕಿರುವ ಕೀ ಬೇರೆ, ಅದೂ ಗೊತ್ತುಮಾಡಿದ ಐಪಿ ವಿಳಾಸದಿಂದಷ್ಟೇ ನಡೆಯುವಂಥದ್ದು. ನಿದ್ದೆಗಣ್ಣಲ್ಲಿ, ವಿಪಿಎನ್ ಹಾಕದೆ, ಮನೆಯ ವೈಫೈನಿಂದ ಡಿಲೀಟ್ ಹೊಡೆದರೆ 403, ಅಂದರೆ ‘ಅನುಮತಿಯಿಲ್ಲ’ ಎಂದು ವಾಪಸ್ ಬರುತ್ತದೆ.