ಪಾಠಶಾಲೆಯ ಹಿತ್ತಲು

ಒಂದು ಪಾಠಶಾಲೆಯ ಯೋಗ್ಯತೆಯನ್ನು ಅರಿಯಬೇಕೆನ್ನುವವರು ಅದರ ಮುಂಬಾಗಿಲನ್ನು ನೋಡಿದರೆ ಸಾಲದು, ಹಿತ್ತಲನ್ನೂ ನೋಡಬೇಕು. ಮುಂದುಗಡೆ ಧ್ವಜಸ್ತಂಭ, ಸುಣ್ಣ ಬಳಿದ ಕಲ್ಲುಗಳ ಸಾಲು, ಪರಿಸರವನ್ನು ಕಾಪಾಡಿರೆಂಬ ಗೋಡೆಬರಹ ಎಲ್ಲವೂ ಉಂಟು. ಹಿಂದುಗಡೆಯ ನೋಟವೇ ಬೇರೆ. ಅಡಿಗೆಮನೆಯ ನೀರು ಕೊಚ್ಚೆಯಾಗಿ ನಿಂತಿರುತ್ತದೆ. ಹೊಂಗೆಯ ತರಗೆಲೆ, ತರಕಾರಿಯ ಸಿಪ್ಪೆ, ಹಾಲಿನ ಪುಡಿಯ ಚೀಲ, ಹರಿದ ಕಾಗದ ಒಂದೇ ಗುಡ್ಡೆಯಾಗಿ ಬಿದ್ದಿದ್ದು, ಆಗಾಗ ಅದಕ್ಕೆ ಬೆಂಕಿ ಬೀಳುತ್ತದೆ. ಎಲ್ಲ ಶಾಲೆಗಳೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಹಿತ್ತಲನ್ನು ನಂದನವನ ಮಾಡಿರುವ ಉಪಾಧ್ಯಾಯರು ನಾಡಿನ ಪ್ರತಿಯೊಂದು ಸೀಮೆಯಲ್ಲಿಯೂ ಇದ್ದಾರೆ. ಆದರೆ ಎಲ್ಲಿ ಮುಂದಿನ ಗೋಡೆ ಬೋಧಿಸುವುದನ್ನು ಹಿಂದಿನ ಹೊಗೆ ಅಲ್ಲಗಳೆಯುತ್ತದೆಯೋ, ಅಲ್ಲಿ ಮಕ್ಕಳು ಗೋಡೆಯಿಂದ ಕಲಿಯುವುದಕ್ಕಿಂತ ಹೊಗೆಯಿಂದಲೇ ಹೆಚ್ಚು ಕಲಿಯುತ್ತಾರೆ.

ಆಜ್ಞೆಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಪರಿಸರದ ಪಾಠವು ಶಾಲೆಗಳಲ್ಲಿ ಕಡ್ಡಾಯವಾಗತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಅಪ್ಪಣೆ ಮಾಡಿತು; 2003ರಲ್ಲಿ ಅದನ್ನೇ ಮತ್ತೆ ನೆನಪಿಸಬೇಕಾಯಿತು. ಶಾಲೆಗಳಲ್ಲಿ ಪರಿಸರ ಸಂಘಗಳನ್ನು ಕಟ್ಟುವ ಯೋಜನೆ 2001-02ರಿಂದ ಉಂಟು. ಕಸವನ್ನು ಬಯಲಿನಲ್ಲಿ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಪ್ರತಿ ಶಾಲೆಯಲ್ಲಿಯೂ ಪೌಷ್ಟಿಕ ತೋಟವಿರಬೇಕೆಂದು ಕೇಂದ್ರ ಸರಕಾರವು 2019ರಲ್ಲಿ ಸೂಚನೆಗಳನ್ನು ಹೊರಡಿಸಿತು. ಇಷ್ಟಾದರೂ ಹಿತ್ತಲು ಬದಲಾಗದಿದ್ದರೆ ಕೊರತೆ ಕಾಗದದಲ್ಲಿಲ್ಲ, ಬೇರೆ ಎಲ್ಲಿಯೋ ಇದೆ ಎಂದಾಯಿತು.

ಅದು ಎಲ್ಲಿದೆಯೆಂಬುದನ್ನು ನಮ್ಮ ಯೋಜನೆಯ ಹೆಸರೇ ಹೇಳುತ್ತದೆ. ಕರ್ನಾಟಕವು 2002-03ರಲ್ಲಿ ಶಾಲೆಯ ಮಧ್ಯಾಹ್ನದ ಊಟವನ್ನು ಆರಂಭಿಸಿ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. 2013ರಲ್ಲಿ ಹಾಲು ಬಂತು. 2022-23ರಲ್ಲಿ ಎಲ್ಲ ಜಿಲ್ಲೆಗಳಿಗೂ ಮೊಟ್ಟೆ, ಬಾಳೆಹಣ್ಣು ಬಂದವು. ನಾಡು ಹೆಮ್ಮೆಪಡಬೇಕಾದ ಕೆಲಸವಿದು. ಆದರೆ ಹನ್ನೆರಡನೆಯ ಶತಮಾನದ ಶರಣರು ದಾಸೋಹವೆಂಬ ಮಾತನ್ನು ಒಂಟಿಯಾಗಿ ಆಡಿದವರಲ್ಲ. ಕಾಯಕವು ಅದರ ಜೊತೆಯ ಮಾತು. ನಾವು ದಾಸೋಹವನ್ನು ಶಾಲೆಯೊಳಕ್ಕೆ ಕರೆತಂದೆವು. ಕಾಯಕವನ್ನು ಹೊಸ್ತಿಲಿನ ಆಚೆಯೇ ನಿಲ್ಲಿಸಿದೆವು.

ಇಲ್ಲಿ ತಪ್ಪು ತಿಳಿವಳಿಕೆಗೆ ಆಸ್ಪದವಿರಬಾರದು. ಊಟವು ಮಗುವಿನ ದುಡಿಮೆಗೆ ಕೊಡುವ ಕೂಲಿಯಲ್ಲ. ಬೆಂದ ಅನ್ನವನ್ನು ಬಡಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆಜ್ಞಾಪಿಸಿದುದು ಅದನ್ನು ಹಕ್ಕೆಂದು ಎಣಿಸಿಯೇ. ನಾವು ಕೇಳುವುದು ಇಷ್ಟೇ: ಉಣ್ಣುವ ಅನ್ನ ಎಲ್ಲಿಂದ ಬಂತು, ಉಂಡುಳಿದುದು ಎಲ್ಲಿಗೆ ಹೋಗುತ್ತದೆ ಎಂಬುದು ಉಣ್ಣುವವನಿಗೆ ತನ್ನ ಕೈಯಿಂದಲೇ ತಿಳಿಯಲಿ.

ಲೆಕ್ಕವನ್ನೂ ನೋಡೋಣ. ಸರಕಾರದ ಪ್ರಮಾಣದಂತೆ ದಿನವೊಂದಕ್ಕೆ ಕಿರಿಯ ಮಗುವಿಗೆ 50 ಗ್ರಾಂ, ಆರರಿಂದ ಎಂಟನೆಯ ತರಗತಿಯ ಮಗುವಿಗೆ 75 ಗ್ರಾಂ ತರಕಾರಿ ಸಲ್ಲಬೇಕು. ಅರುವತ್ತು ಕಿರಿಯ ಮಕ್ಕಳ ಶಾಲೆಗೆ ದಿನಕ್ಕೆ 3 ಕಿಲೋ ಬೇಕು. ನಾಲ್ಕು ಪಾತಿಗಳ ತೋಟ ಇಷ್ಟನ್ನು ನಿತ್ಯವೂ ಕೊಡಲಾರದು. ಕೊಡುತ್ತದೆಂದು ಹೇಳುವವರು ತೋಟ ಮಾಡಿದವರಲ್ಲ. ಆದರೆ ದಂಟು, ಹರಿವೆ, ಬಸಳೆಗಳನ್ನು ಸರದಿಯಂತೆ ಬಿತ್ತಿ, ಬೇಲಿಯ ಉದ್ದಕ್ಕೂ ನುಗ್ಗೆ, ಕರಿಬೇವು, ಚಕ್ರಮುನಿಗಳನ್ನು ನಟ್ಟರೆ, ಸುಗ್ಗಿಯ ತಿಂಗಳುಗಳಲ್ಲಿ ವಾರಕ್ಕೊಮ್ಮೆಯೋ ಎರಡು ಸಲವೋ ಸಾರಿಗೆ ಶಾಲೆಯದೇ ಸೊಪ್ಪು ಬೀಳುವುದು. ತಾನು ಬಿತ್ತಿದ ಸೊಪ್ಪನ್ನು ಯಾವ ಮಗುವೂ ತಟ್ಟೆಯ ಅಂಚಿಗೆ ಸರಿಸುವುದಿಲ್ಲ.

ತೋಟಕ್ಕೆ ಗೊಬ್ಬರವೆಲ್ಲಿ ಎಂದು ಕೇಳುವವರಿಗೆ ಆ ಸುಡುವ ಗುಡ್ಡೆಯನ್ನೇ ತೋರಿಸುತ್ತೇವೆ. ಊರಿನ ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ ಗೊಬ್ಬರವಾಗಿಸುವ ಕ್ರಮವನ್ನು ಸಿ. ಎನ್. ಆಚಾರ್ಯರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದರು. ಕೃಷಿಗ್ರಂಥಗಳಲ್ಲಿ ಅದಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರು. ಶಾಲೆಯ ಮಟ್ಟಿಗೆ ತರಗೆಲೆ, ಸಿಪ್ಪೆ, ಮೊಟ್ಟೆಯ ಓಡು, ಮೇಲೆ ಸೆಗಣಿಯ ಬಗ್ಗಡ, ಅದರ ಮೇಲೆ ಮಣ್ಣು ಇಷ್ಟು ಸಾಕು. ಗುಂಡಿಯನ್ನು ಮಗುಚುವ ಶ್ರಮವಿಲ್ಲ. ಆರೆಂಟು ತಿಂಗಳು ತಾಳ್ಮೆ ಬೇಕು. ದಸರೆಯ ರಜೆಯ ಹೊತ್ತಿಗೆ ಮುಚ್ಚಿದ ಗುಂಡಿ ಜೂನಿನ ಬಿತ್ತನೆಗೆ ಸಿದ್ಧವಾಗುತ್ತದೆ. ಕೊಳೆಯದ ವಸ್ತುವಿನ ದಾರಿ ಬೇರೆ. ಹಾಲಿನ ಪುಡಿಯ ಚೀಲವನ್ನು ತೊಳೆದು ಒಣಗಿಸಿ ಗ್ರಾಮ ಪಂಚಾಯತಿಯ ಒಣಕಸದ ಗಾಡಿಗೆ ಒಪ್ಪಿಸಬೇಕು. ವರ್ಷದ ಕೊನೆಯಲ್ಲಿ ಪುಸ್ತಕಗಳಲ್ಲುಳಿದ ಬಿಳಿಯ ಹಾಳೆಗಳನ್ನು ಹರಿದು ಹೊಲಿದು ಹೊಸ ಪುಸ್ತಕ ಮಾಡುವುದು ನಮ್ಮ ಹಿರಿಯರಿಗೆ ಯಾರೂ ಕಲಿಸದೆ ಬಂದ ವಿದ್ಯೆ; ಅದು ಮರಳಲಿ.

ನೀರಿನ ಪ್ರಶ್ನೆ ಕಠಿನವಾದುದು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವ ಬಯಲುಸೀಮೆಯಲ್ಲಿಯೂ 100 ಚದರ ಮೀಟರ್ ಛಾವಣಿಯ ಮೇಲೆ 60,000 ಲೀಟರ್ ನೀರು ಬೀಳುತ್ತದೆ. ಐದರಲ್ಲೊಂದು ಪಾಲು ಪೋಲಾದರೂ 48,000 ಲೀಟರ್ ಉಳಿಯಬೇಕು. ಇದನ್ನರಿತೇ ರಾಜ್ಯದ ಸುವರ್ಣ ಮಹೋತ್ಸವದ ಕಾಲಕ್ಕೆ ಸುವರ್ಣ ಜಲವೆಂಬ ಯೋಜನೆ ಗ್ರಾಮಾಂತರ ಶಾಲೆಗಳಿಗೆ ಬಂತು. ಎಷ್ಟೋ ಕಡೆ ತೊಟ್ಟಿ ಕಟ್ಟಿದವರುಂಟು, ಕೊಳವೆಯನ್ನು ನೋಡಿಕೊಳ್ಳುವವರಿಲ್ಲವಾಯಿತು. 1950ರಲ್ಲಿ ಆರಂಭವಾದ ವನಮಹೋತ್ಸವದ ಕಥೆಯೂ ಅನೇಕ ಶಾಲೆಗಳಲ್ಲಿ ಇದೇ: ಗುಂಡಿ ಹಳೆಯದು, ಸಸಿ ಮಾತ್ರ ವರ್ಷವರ್ಷವೂ ಹೊಸದು. ಏಪ್ರಿಲಿನ ನಡುವಿನಿಂದ ಮೇ ಕೊನೆಯವರೆಗೆ ಬಾಗಿಲು ಮುಚ್ಚುವ ಶಾಲೆಯಲ್ಲಿ ಆ ಆರು ವಾರಗಳ ಹೊಣೆ ಯಾರದು? ಈ ಒಂದು ಪ್ರಶ್ನೆಗೆ ಉತ್ತರವಿಲ್ಲದ ತೋಟ ತೋಟವಲ್ಲ. ಸೊಪ್ಪಿನ ಬೆಳೆ ಮಾರ್ಚಿಗೆ ಮುಗಿಯಲಿ. ಬೇಲಿಯ ಗಿಡಗಳ ಬುಡಕ್ಕೆ ತರಗೆಲೆಯ ಹೊದಿಕೆ ಬೀಳಲಿ. ನೀರುಣಿಸುವ ಸರದಿಯನ್ನು ಶಾಲಾಭಿವೃದ್ಧಿ ಸಮಿತಿಯು ಹೆಸರುಸಹಿತ ಬರೆದಿಡಲಿ.

ಎಲ್ಲಕ್ಕಿಂತ ಮುಖ್ಯವಾದುದು, ಕೆಲಸ ಯಾರ ಪಾಲಿಗೆ ಬೀಳುತ್ತದೆ ಎಂಬುದು. ತಡವಾಗಿ ಬಂದವನಿಗೆ ಕಳೆ ಕೀಳುವ ದಂಡನೆ, ಹೆಣ್ಣುಮಕ್ಕಳಿಗೆ ಪೊರಕೆ, ಗಂಡುಮಕ್ಕಳಿಗೆ ಆಟದ ಬಯಲು, ಕೀಳೆಂದು ಎಣಿಸಿದ ಕೆಲಸಕ್ಕೆ ಬಡವರ ಕೇರಿಯ ಮಗು ಎಂಬ ಪದ್ಧತಿ ಎಲ್ಲಿ ನಡೆಯುತ್ತದೆಯೋ ಅಲ್ಲಿ ತೋಟವಿರುವುದಕ್ಕಿಂತ ಇಲ್ಲದಿರುವುದೇ ಮೇಲು. ಮಲಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಆ ಬಗೆಯ ಕೆಲಸದ ಹತ್ತಿರಕ್ಕೂ ಮಕ್ಕಳನ್ನು ಕಳುಹಿಸತಕ್ಕದ್ದಲ್ಲ. ಉಳಿದ ಕೆಲಸಗಳ ಸರದಿಪಟ್ಟಿ ಹಾಜರಿ ಪುಸ್ತಕದ ಕ್ರಮದಲ್ಲಿಯೇ ಸಾಗಲಿ. ಅದರ ತಲೆಯಲ್ಲಿ ಮುಖ್ಯೋಪಾಧ್ಯಾಯರ ಹೆಸರಿರಲಿ. ಗುರುವಿನ ಕೈಗೆ ಹತ್ತಿದ ಮಣ್ಣು ಶಿಷ್ಯನಿಗೆ ಮೈಲಿಗೆಯಾಗುವುದಿಲ್ಲ.

ಓದಲು ಕಳುಹಿಸಿದ ಮಗು ಮಣ್ಣು ಕೆದಕಬೇಕೇ ಎಂದು ತಂದೆತಾಯಿಗಳು ಕೇಳುವುದುಂಟು. ಪಾತಿಯನ್ನು ಅಳೆಯುವುದು, ಸೊಪ್ಪನ್ನು ತೂಗುವುದು, ಮಳೆಯನ್ನು ಗುರುತು ಹಾಕುವುದು ಓದಲ್ಲದೆ ಮತ್ತೇನು? ಕೈಕಸುಬಿನ ಮೂಲಕವೇ ವಿದ್ಯೆ ಎಂಬ ಮಾತನ್ನು ಗಾಂಧೀಜಿಯವರು 1937ರ ಅಕ್ಟೋಬರಿನಲ್ಲಿ ವಾರ್ಧಾ ಸಮ್ಮೇಳನದ ಮುಂದಿಟ್ಟರು. ಆ ಮೂಲಶಿಕ್ಷಣ ಬಾಡಿದುದಕ್ಕೆ ಒಂದು ಕಾರಣ, ಅದು ಹಳ್ಳಿಯವರ ಮಕ್ಕಳಿಗೆ ಸಾಕೆಂದು ಪಟ್ಟಣದ ದೊಡ್ಡವರು ತಮ್ಮ ಮಕ್ಕಳನ್ನು ಬೇರೆಡೆಗೆ ಕಳುಹಿಸಿದುದು. ಅದೇ ತಪ್ಪು ಮರುಕಳಿಸಬಾರದು. ನಗರದ ಭಾರಿ ಶುಲ್ಕದ ಶಾಲೆಗಳಲ್ಲಿಯೂ ಹಿತ್ತಲುಗಳಿವೆ. ಅಲ್ಲಿಯ ಮಕ್ಕಳಿಗೂ ಕೈಗಳಿವೆ.

ಅಧಿಕಾರಿ ಮಹಾಶಯರಲ್ಲಿ ನಮ್ಮದೊಂದು ಬಿನ್ನಹ. ತನಿಖೆಗೆ ಹೋದಾಗ ಹಾರ ಹಿಡಿದು ನಿಂತ ಮುಂಬಾಗಿಲನ್ನು ಬಿಟ್ಟು ಮೊದಲು ಹಿತ್ತಲಿಗೆ ನಡೆಯಿರಿ. ಸಸಿ ನೆಟ್ಟ ದಿನದ ಚಿತ್ರವನ್ನು ಕೇಳಬೇಡಿರಿ. ಹೋದ ವರ್ಷದ ಸಸಿ ಎಲ್ಲಿ, ಗೊಬ್ಬರದ ಗುಂಡಿ ಯಾವಾಗ ತೆರೆಯಿತು, ಇಂದಿನ ಸರದಿ ಯಾರದು ಎಂಬ ಮೂರೇ ಮಾತು ಕೇಳಿರಿ. ನಮ್ಮ ವಾಚಕರೂ ತಮ್ಮ ಮಕ್ಕಳ ಶಾಲೆಯಲ್ಲಿ ಈ ಮೂರನ್ನು ಕೇಳಲಿ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ನಾವು ಮಕ್ಕಳಿಂದ ನೂರು ಸಲ ಬರೆಯಿಸಿದ್ದೇವೆ. ಇನ್ನಾದರೂ ಅವರ ಕೈಗೆ ಸ್ವಲ್ಪ ಕೆಸರು ಹತ್ತಲಿ.